ಪೈರಿನ ಪೀಡೆಗಳೂ ಅವನ್ನು ತಡೆಯುವ ಸರಕಾರದ ಅಧಿಕಾರವೂ

ಇಟ್ಟಂಗಿಹಾಳದ ಹಿಡುವಳಿದಾರರಿಗೂ ಗ್ರಾಮಪ್ರಮುಖರಿಗೂ ಹೇಳಿದ ಉಪನ್ಯಾಸ



ಹೊಲಕ್ಕೆ ಬದುವುಂಟು, ಊರಿಗೆ ಗಡಿಕಲ್ಲುಂಟು, ಪೈರಿಗೆ ತಗಲುವ ಪೀಡೆಗೆ ಇವೆರಡೂ ಇಲ್ಲ. ಕಳ್ಳನು ಬಂದರೆ ನಾಯಿ ಬೊಗಳುತ್ತದೆ. ದನ ನುಗ್ಗಿದರೆ ಕಾವಲಿನವನು ಕೂಗುತ್ತಾನೆ. ಆದರೆ ಸಸಿಯ ಕಾಂಡದೊಳಗೆ ಅಡಗಿ ಬರುವ ರೋಗಾಣುವನ್ನು ಯಾರೂ ತಡೆದು ಕೇಳುವುದಿಲ್ಲ. ತೋಟದ ಒಡೆಯನೇ ಅದಕ್ಕೆ ಹಣ ತೆತ್ತು, ಬಾಡಿಗೆಯ ಗಾಡಿಗೆ ಏರಿಸಿ, ತನ್ನ ಭೂಮಿಗೆ ಕರೆತಂದು, ಗುಂಡಿ ತೋಡಿ ನೀರೆರೆಯುತ್ತಾನೆ. ರೋಗವು ಕಣ್ಣಿಗೆ ಕಾಣುವ ಹೊತ್ತಿಗೆ ಅವನ ತೋಟ ಮಾತ್ರವಲ್ಲದೆ ನೆರೆಯವನ ತೋಟವೂ ಅಪಾಯಕ್ಕೆ ಸಿಕ್ಕಿರುತ್ತದೆ. ಈ ಕಾರಣದಿಂದಲೇ ಗಿಡ, ಬೀಜ, ಗಡ್ಡೆ, ಕಡ್ಡಿಗಳ ಸಾಗಾಣಿಕೆಯನ್ನು ತಡೆಯುವುದಕ್ಕೂ, ಪೀಡೆ ಬಿದ್ದ ಪೈರನ್ನು ಪರೀಕ್ಷಿಸಿ ನಾಶಮಾಡಿಸುವುದಕ್ಕೂ ಸರಕಾರಗಳು ಶಾಸನದ ಮೂಲಕ ಅಧಿಕಾರವನ್ನು ಪಡೆದಿರುತ್ತವೆ. ಆ ಅಧಿಕಾರದ ಸ್ವರೂಪವೇನು, ಅದು ಎಲ್ಲಿ ಫಲಿಸಿತು, ಎಲ್ಲಿ ಸೋತಿತು, ಅದರಿಂದ ಈ ಊರಿನ ಒಕ್ಕಲಿಗನಿಗೆ ಆಗತಕ್ಕ ಪ್ರಯೋಜನವೇನು ಎಂಬುದೇ ಇಂದಿನ ವಿಷಯವು.

ದಾಳಿಂಬೆಯ ದೃಷ್ಟಾಂತ

ಈ ಸೀಮೆಯವರಿಗೆ ದೂರದ ದೃಷ್ಟಾಂತ ಬೇಕಾಗಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸುತ್ತಲಿನ ಭೂಮಿಯು ಹಿಂದಿನಿಂದ ಬಿಳಿಜೋಳ, ಕಡಲೆ, ಕುಸುಬೆಗಳ ಒಣಬೇಸಾಯಕ್ಕೆ ಹೆಸರಾದದ್ದು. ಇಂಥಲ್ಲಿ ಬೋರು ಕೊರೆಯಿಸಿ, ಹನಿಹನಿಯಾಗಿ ನೀರು ಹಾಯಿಸಿ, ಬರದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ತರಿಸಿ ದ್ರಾಕ್ಷಿ ದಾಳಿಂಬೆಗಳನ್ನು ಉಳಿಸಿಕೊಂಡವರ ಕಷ್ಟ ಎಲ್ಲರಿಗೂ ತಿಳಿದದ್ದೇ. ನೀರಿಗೆ ಇಷ್ಟು ಬೆಲೆ ತೆತ್ತವನು ಸಸಿಯ ವಿಷಯದಲ್ಲಿ ಮಾತ್ರ ಅಲ್ಪಬೆಲೆಯನ್ನು ಹುಡುಕಿದರೆ ನೀರೂ ಹಣವೂ ಎರಡೂ ನಷ್ಟವಾಗುವುವು.

ದಾಳಿಂಬೆಯ ದುಂಡಾಣು ಅಂಗಮಾರಿ ರೋಗವು ಭಾರತದಲ್ಲಿ ಮೊದಲು ವರದಿಯಾದದ್ದು ೧೯೫೨ರಲ್ಲಿ, ದೆಹಲಿಯಲ್ಲಿ. ಬಹುಕಾಲದವರೆಗೆ ಅದನ್ನು ಅಲ್ಪರೋಗವೆಂದೇ ಎಣಿಸಲಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಅದು ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಮಾರಿಯಂತೆ ಹಬ್ಬಿ, ಅನೇಕ ರೈತರು ಫಲಕ್ಕೆ ಬಂದ ತೋಟಗಳನ್ನು ತಮ್ಮ ಕೈಯಿಂದಲೇ ಕಿತ್ತುಹಾಕಬೇಕಾಯಿತು. ಗಡಿಯಾಚೆಯ ರೈತರು ಇದನ್ನು ‘ತೇಲ್ಯಾ’ ಎನ್ನುವರು. ಎಣ್ಣೆ ಸಿಡಿದಂತೆ ಚುಕ್ಕೆ ಕಾಣುವುದರಿಂದ ಈ ಹೆಸರು. ಮೊದಲು ಎಲೆಯಲ್ಲಿ ನೀರು ಹೀರಿದಂಥ ಸಣ್ಣ ಚುಕ್ಕೆ. ಅನಂತರ ಅದು ಕಂದಾಗಿ ಕಪ್ಪಾಗುವುದು. ಕಾಂಡದ ಗೆಣ್ಣುಗಳಲ್ಲಿ ಕಪ್ಪು ಗಾಯಗಳಾಗಿ ಟೊಂಗೆಯು ಮುರಿಯುವುದು. ಹಣ್ಣಿನ ಮೇಲೆ ಕಪ್ಪು ಕಲೆ ಎದ್ದು ಸಿಪ್ಪೆ ಸೀಳುವುದು. ಸೀಳಿದ ಹಣ್ಣಿಗೆ ಪೇಟೆಯಲ್ಲಿ ಬೆಲೆಯಿಲ್ಲ.

ಈ ರೋಗವು ಹರಡುವ ಬಗೆಯನ್ನು ಚೆನ್ನಾಗಿ ತಿಳಿಯತಕ್ಕದ್ದು. ಏಕೆಂದರೆ ಶಾಸನದ ಯುಕ್ತಾಯುಕ್ತತೆಯೆಲ್ಲ ಅದರ ಮೇಲೆಯೇ ನಿಂತಿದೆ. ಗಾಳಿಯಿಂದ ಕೂಡಿದ ಮಳೆಯು ರೋಗಾಣುವನ್ನು ಗಿಡದಿಂದ ಗಿಡಕ್ಕೆ, ತೋಟದಿಂದ ಪಕ್ಕದ ತೋಟಕ್ಕೆ ಸಿಡಿಸುತ್ತದೆ. ಚಾಟಣಿ ಮಾಡುವ ಕತ್ತರಿಯು ಅದನ್ನು ಸಾಲಿನಿಂದ ಸಾಲಿಗೆ ಒಯ್ಯುತ್ತದೆ. ಆದರೆ ಮಳೆಹನಿಯು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ರೋಗವನ್ನು ಒಯ್ಯಲಾರದು. ಅಷ್ಟು ದೂರ ಒಯ್ಯುವುದು ರೋಗ ತಗಲಿದ ತಾಯಿಗಿಡದಿಂದ ಕಟ್ಟಿದ ಗೂಟಿ ಸಸಿಯೇ. ಅಂಥ ಸಸಿಯು ಕೊಳ್ಳುವಾಗ ಹಸುರಾಗಿ, ಆರೋಗ್ಯವಾಗಿ ಕಾಣಬಹುದು. ಹತ್ತಿರದ ಹರಡುವಿಕೆಯನ್ನು ತಡೆಯುವುದು ರೈತನ ಕೈಯಲ್ಲಿದೆ. ದೂರದ ಹರಡುವಿಕೆಯನ್ನು ತಡೆಯುವುದು ಸಾಗಾಣಿಕೆಯ ನಿರ್ಬಂಧದಿಂದ ಮಾತ್ರ ಸಾಧ್ಯ. ಸರಕಾರದ ಅಧಿಕಾರಕ್ಕೆ ಅವಕಾಶವಿರುವುದು ಇಲ್ಲಿಯೇ.

ನಿರ್ಬಂಧವೆಂಬುದು ಹೊಸದಲ್ಲ

ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಸಂಗತಿಯನ್ನು ಈ ನಾಡಿನ ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದಾರೆ. ೨೦೨೦ರ ಕೊರೋನಾ ಕಾಲದಲ್ಲಿ ಊರ ಅಗಸೆಗೆ ಮುಳ್ಳು ಹಚ್ಚಿ ಪರಸ್ಥಳದವರನ್ನು ಹೊರಗೆ ನಿಲ್ಲಿಸಿದ್ದನ್ನು ಎಲ್ಲರೂ ಬಲ್ಲರು. ಕ್ವಾರಂಟೈನ್ ಎಂಬ ಶಬ್ದವು ಇಟಲಿಯ ನಾಡಿನಲ್ಲಿ ನಲವತ್ತು ಎಂಬ ಅರ್ಥದ ಪದದಿಂದ ಹುಟ್ಟಿತು. ಮಾರಿಬೇನೆಯ ಭಯದಿಂದ ಹಡಗುಗಳನ್ನು ಬಂದರಿನ ಹೊರಗೆ ನಲವತ್ತು ದಿನ ನಿಲ್ಲಿಸುತ್ತಿದ್ದರು. ಮನುಷ್ಯರಿಗೆ ಹಾಕಿದ ಈ ಕಟ್ಟನ್ನು ಗಿಡಮರಗಳಿಗೂ ಹಾಕಬೇಕೆಂಬ ಬುದ್ಧಿಯು ಜಗತ್ತಿಗೆ ಬಂದದ್ದು ದ್ರಾಕ್ಷಿಯ ಬಳ್ಳಿಯಿಂದ. ದ್ರಾಕ್ಷಿಯ ನಾಡಾದ ತಿಕೋಟಾ ಭಾಗದವರು ಈ ಸಂಗತಿಯನ್ನು ಅವಶ್ಯವಾಗಿ ತಿಳಿಯಬೇಕು.

ಅಮೇರಿಕದಿಂದ ಯುರೋಪಿಗೆ ತಂದ ದ್ರಾಕ್ಷಿಯ ಬಳ್ಳಿಗಳೊಡನೆ ಫೈಲಾಕ್ಸೆರಾ ಎಂಬ ಅತಿಸೂಕ್ಷ್ಮವಾದ ಹೇನು ಬಂದಿತು. ೧೮೬೦ರ ದಶಕದಲ್ಲಿ ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. ಬೇರನ್ನು ಅಗೆದು ನೋಡಿದಾಗ ಈ ಹೇನು ಬೇರಿನ ರಸವನ್ನು ಹೀರುತ್ತಿದ್ದುದು ತಿಳಿಯಿತು. ಅಷ್ಟರಲ್ಲಿ ಅದು ಬಹುದೂರ ಹಬ್ಬಿ, ತಲೆತಲಾಂತರದ ತೋಟಗಳು ಹಾಳಾಗಿ, ಅನೇಕ ಕುಟುಂಬಗಳು ನೆಲೆ ತಪ್ಪಿದವು. ಕಡೆಗೆ ಹೇನನ್ನು ತಾಳಿಕೊಳ್ಳುವ ಅಮೇರಿಕದ ಬೇರಿನ ಮೇಲೆ ಯುರೋಪಿನ ಕಡ್ಡಿಯನ್ನು ಕಸಿಮಾಡಿ ತೋಟಗಳನ್ನು ಮತ್ತೆ ಎಬ್ಬಿಸಿದರು. ಈ ನಷ್ಟದಿಂದ ಪಾಠ ಕಲಿತ ದೇಶಗಳು ೧೮೮೧ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕೂಡಿ, ಬಳ್ಳಿಗಳ ಸಾಗಾಣಿಕೆಯನ್ನು ಕಟ್ಟಿನಲ್ಲಿಡುವ ಒಪ್ಪಂದವನ್ನು ಮಾಡಿಕೊಂಡವು. ಈಗ ಎಲ್ಲ ಸಸ್ಯಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಸಸ್ಯಸಂರಕ್ಷಣಾ ಒಪ್ಪಂದವು ೧೯೫೧ರಲ್ಲಿ ಆಯಿತು. ಭಾರತವೂ ಅದರಲ್ಲಿ ಸೇರಿದೆ.

ಶಾಸನದ ಮೂರು ಬಾಗಿಲುಗಳು

ನಮ್ಮ ದೇಶದ ಶಾಸನವನ್ನು ಮೂರು ಬಾಗಿಲುಗಳಿಗೆ ಹೋಲಿಸಬಹುದು.

ಮೊದಲನೆಯದು ದೇಶದ ಹೆಬ್ಬಾಗಿಲು. ೧೯೧೪ರಲ್ಲಿ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆಯು ಆಯಿತು. ಬೆಳೆಗೆ ಹಾನಿಮಾಡುವ ಕೀಟ, ಬೂಷ್ಟು ಮುಂತಾದವು ಒಳಬರುವಂತಿದ್ದರೆ ಅಂಥ ವಸ್ತುವಿನ ಆಮದನ್ನು ನಿಷೇಧಿಸುವ ಅಥವಾ ಕಟ್ಟುಪಾಡಿನಲ್ಲಿಡುವ ಅಧಿಕಾರವನ್ನು ಈ ಕಾಯಿದೆಯು ಕೇಂದ್ರ ಸರಕಾರಕ್ಕೆ ಕೊಡುತ್ತದೆ. ಇದರ ಆಧಾರದ ಮೇಲೆ ೨೦೦೩ರಲ್ಲಿ ಸಸ್ಯ ಕ್ವಾರಂಟೈನ್ ಆದೇಶವು ಹೊರಟಿತು. ಅದರ ಪ್ರಕಾರ ಹೊರದೇಶದಿಂದ ನೆಡುವ ಸಸಿ, ಬೀಜಗಳನ್ನು ತರಬೇಕಾದರೆ ಮೊದಲು ಪರವಾನಗಿಯೂ, ಆ ದೇಶದ ಅಧಿಕಾರಿಗಳು ಕೊಟ್ಟ ಸಸ್ಯಾರೋಗ್ಯದ ಪ್ರಮಾಣಪತ್ರವೂ ಬೇಕು. ಬಂದರಿನಲ್ಲಿಯೂ ವಿಮಾನ ನಿಲ್ದಾಣದಲ್ಲಿಯೂ ಪರೀಕ್ಷೆಯಾಗುತ್ತದೆ. ಕೆಲವು ಜಾತಿಯ ಗಿಡಗಳನ್ನು ಒಳಕ್ಕೆ ಬಂದ ಮೇಲೆಯೂ ಬೇರೆಯಾಗಿ ಬೆಳೆಯಿಸಿ, ರೋಗವಿಲ್ಲವೆಂದು ಖಚಿತವಾದ ಬಳಿಕವೇ ಬಿಡಲಾಗುತ್ತದೆ. ಪರದೇಶಕ್ಕೆ ಹೋದ ಮಗನು ಬರುವಾಗ ಚೀಲದಲ್ಲಿ ಒಂದು ಕಡ್ಡಿಯನ್ನು ಅಡಗಿಸಿ ತರುವುದು ಪ್ರೀತಿಯ ಕೆಲಸವಾಗಿ ಕಂಡರೂ ಅದು ಅಪರಾಧವು. ಊರಿಗೆ ಅಪಾಯವೂ ಹೌದು.

ಎರಡನೆಯದು ರಾಜ್ಯರಾಜ್ಯಗಳ ನಡುವಣ ಬಾಗಿಲು. ದೇಶದೊಳಗೆ ಒಂದು ಭಾಗದಲ್ಲಿ ಪೀಡೆಯಿದ್ದು ಇನ್ನೊಂದು ಭಾಗವು ಶುದ್ಧವಾಗಿದ್ದರೆ, ನಡುವೆ ಸಾಗಾಣಿಕೆಯನ್ನು ತಡೆಯುವ ಅಧಿಕಾರವು ೧೯೩೮ರ ತಿದ್ದುಪಡಿಯಿಂದ ಇದೇ ಕಾಯಿದೆಯಲ್ಲಿ ಸೇರಿತು.

ಮೂರನೆಯದು ಊರಿನ, ಹೊಲದ ಬಾಗಿಲು. ವಿಜಯಪುರ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದಾಗ ಇಲ್ಲಿಗೆ ೧೯೪೭ರ ಮುಂಬಯಿ ಕಾಯಿದೆಯು ಅನ್ವಯಿಸುತ್ತಿತ್ತು. ೧೯೫೬ರಲ್ಲಿ ಕನ್ನಡ ಸೀಮೆಗಳು ಒಂದುಗೂಡಿದ ಮೇಲೆ ರಾಜ್ಯಕ್ಕೆಲ್ಲ ಒಂದೇ ಶಾಸನವಿರಬೇಕೆಂದು ೧೯೬೮ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಅಧಿನಿಯಮವು ರಚಿತವಾಯಿತು. ಯಾವುದಾದರೊಂದು ಕೀಟ, ರೋಗ ಅಥವಾ ಕಳೆಯನ್ನು ಪೀಡೆಯೆಂದು ಸಾರಿ, ಇಂಥ ಪ್ರದೇಶದಲ್ಲಿ ಇಂಥ ಉಪಾಯವನ್ನು ಮಾಡತಕ್ಕದ್ದೆಂದು ವಿಧಿಸುವುದು ಇಂಥ ಶಾಸನದ ಮುಖ್ಯ ಉದ್ದೇಶವು.

ಅಧಿಕಾರವು ಫಲಿಸಿದ್ದೂ ಸೋತದ್ದೂ

ಶಾಸನವಿದ್ದ ಮಾತ್ರಕ್ಕೆ ಪೀಡೆ ನಿಲ್ಲುವುದೆಂದು ಹೇಳುವುದು ಸತ್ಯವಾಗದು. ಕೆಲವು ನಿದರ್ಶನಗಳನ್ನು ನೋಡಿರಿ.

ನೀಲಗಿರಿಯಲ್ಲಿ ಆಲೂಗಡ್ಡೆಯ ಬೇರನ್ನು ತಿನ್ನುವ ಹೊಂಬಣ್ಣದ ಜಂತುಹುಳುವು ೧೯೬೧ರಲ್ಲಿ ಕಂಡುಬಂದಿತು. ಅಲ್ಲಿಂದ ಬೀಜದ ಗಡ್ಡೆಯನ್ನು ಹೊರಗೆ ಕಳುಹಿಸಬಾರದೆಂಬ ಕಟ್ಟು ಬಂದದ್ದು ೧೯೭೧ರಲ್ಲಿ. ಇದರ ಕೋಶವು ಮಣ್ಣಿನಲ್ಲಿ ಹಲವು ವರ್ಷ ಜೀವದಿಂದಿರಬಲ್ಲದು. ಗಡ್ಡೆಗೆ ಅಂಟಿದ ಹಿಡಿ ಮಣ್ಣು ಸಾಕು, ಹೊಸ ಹೊಲಕ್ಕೆ ಹೋಗಲು. ಪೀಡೆ ಕಂಡುದಕ್ಕೂ ಕಟ್ಟು ಬಂದುದಕ್ಕೂ ನಡುವೆ ಹತ್ತು ವರ್ಷ ಕಳೆಯಿತು. ಇಂಥ ವಿಷಯದಲ್ಲಿ ಒಂದು ಹಂಗಾಮಿನ ವಿಳಂಬವೂ ದೊಡ್ಡದು.

ಕಾಂಗ್ರೆಸ್ ಕಸವೆಂದು ಜನರು ಕರೆಯುವ ಪಾರ್ಥೇನಿಯಂ ಗಿಡವು ೧೯೫೦ರ ದಶಕದಲ್ಲಿ ಪುಣೆಯಲ್ಲಿ ಗುರುತಿಗೆ ಬಂದಿತು. ಕರ್ನಾಟಕ ಸರಕಾರವು ೧೯೭೫ರಲ್ಲಿ ಇದನ್ನು ಹಾನಿಕರ ಕಳೆಯೆಂದು ಸಾರಿತು. ಆದರೆ ಆ ಹೊತ್ತಿಗೆ ಅದು ರಸ್ತೆಯ ಅಂಚು, ರೈಲಿನ ದಾರಿ, ಹಾಳುಬಿದ್ದ ಜಾಗಗಳನ್ನೆಲ್ಲ ಆಕ್ರಮಿಸಿತ್ತು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುವಾಗ, ತನ್ನ ಹೊಲದಲ್ಲಿ ಕಿತ್ತವನು ಊರ ಗಾಂವಠಾಣದಲ್ಲಿ ಕೀಳದಿದ್ದರೆ ಪ್ರಯೋಜನವಿಲ್ಲ. ಎಲ್ಲರದೂ ಆದ ಜಾಗವು ಯಾರದೂ ಅಲ್ಲದಂತಾಯಿತು. ಶಾಸನವು ಕಾಗದದಲ್ಲಿ ಉಳಿಯಿತು. ಅನಂತರ ಈ ಗಿಡವನ್ನೇ ತಿನ್ನುವ ಒಂದು ಜೀರುಂಡೆಯನ್ನು ೧೯೮೩ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಅದು ಬೇರೆ ಬೆಳೆಗಳಿಗೆ ಹಾನಿಮಾಡುವುದೇ ಎಂದು ಕ್ವಾರಂಟೈನಿನಲ್ಲಿಟ್ಟು ಪರೀಕ್ಷಿಸಿ, ಮರುವರ್ಷ ಹೊರಬಿಟ್ಟರು. ಹಗೆಯನ್ನು ತಡೆಯುವಂತೆಯೇ ಮಿತ್ರನನ್ನು ಪರೀಕ್ಷಿಸಿ ಬರಮಾಡಿಕೊಳ್ಳುವುದೂ ಇದೇ ಅಧಿಕಾರದ ಕೆಲಸವು.

ಮೆಕ್ಕೆಜೋಳದ ಸುಳಿಯನ್ನು ತಿನ್ನುವ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊದಲು ಕಂಡದ್ದು ಕರ್ನಾಟಕದಲ್ಲಿಯೇ, ೨೦೧೮ರ ಮೇ ತಿಂಗಳಲ್ಲಿ, ಶಿವಮೊಗ್ಗದ ಕಡೆ. ಇದರ ಪತಂಗವು ರಾತ್ರಿಯಲ್ಲಿ ಬಹುದೂರ ಹಾರುತ್ತದೆ. ಒಂದೆರಡು ವರ್ಷಗಳಲ್ಲಿ ಅದು ದೇಶದ ಹೆಚ್ಚಿನ ಭಾಗಗಳಿಗೆ ಹಬ್ಬಿತು. ಹಾರುವ ಪತಂಗಕ್ಕೆ ನಾಕೆ ಕಟ್ಟಿ ಫಲವಿಲ್ಲ. ಆದಕಾರಣ ತಡೆಯಬಹುದಾದ ಪೀಡೆ ಯಾವುದು, ತಡೆಯಲಾಗದ ಪೀಡೆ ಯಾವುದು ಎಂಬ ವಿವೇಕವಿಲ್ಲದೆ ಎಲ್ಲಕ್ಕೂ ನಿರ್ಬಂಧ ಹಾಕುವುದು ರೈತನಿಗೆ ತೊಂದರೆಯೇ ಹೊರತು ರಕ್ಷಣೆಯಲ್ಲ. ದಾಳಿಂಬೆಯ ರೋಗವು ಮೊದಲನೆಯ ವರ್ಗಕ್ಕೆ ಸೇರಿದ್ದು. ದೂರಕ್ಕೆ ಹೋಗಲು ಅದಕ್ಕೆ ಮನುಷ್ಯನ ಗಾಡಿಯೇ ಬೇಕು.

ರೈತನ ಪ್ರಶ್ನೆ

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. “ಗಿಡ ನನ್ನದು, ಭೂಮಿ ನನ್ನದು, ಸಾಲ ನನ್ನ ಹೆಸರಿನಲ್ಲಿದೆ, ಕಡಿಯೆಂದು ಹೇಳಲು ಇನ್ನೊಬ್ಬರು ಯಾರು?” ಎಂದು ಹಿಡುವಳಿದಾರನು ಕೇಳುತ್ತಾನೆ. ಈ ಪ್ರಶ್ನೆಯನ್ನು ತಿರಸ್ಕರಿಸಕೂಡದು. ಮೂರು ನಾಲ್ಕು ವರ್ಷ ಮಗುವಿನಂತೆ ಸಾಕಿದ ಗಿಡಕ್ಕೆ ಕೊಡಲಿ ಹಾಕುವುದು ಯಾರಿಗೂ ಸುಲಭವಲ್ಲ.

ಇದೇ ಪ್ರಶ್ನೆಯು ಅಮೇರಿಕದ ಫ್ಲಾರಿಡಾ ಸೀಮೆಯಲ್ಲಿ ಬಹು ದೊಡ್ಡದಾಗಿ ಎದ್ದಿತ್ತು. ಇಂಡಿ ತಾಲೂಕಿನ ನಿಂಬೆ ಬೆಳೆಗಾರರು ಬಲ್ಲ ಕಜ್ಜಿ ರೋಗವು ದಾಳಿಂಬೆಯ ಅಂಗಮಾರಿಗೆ ಸೋದರ ಸಂಬಂಧಿ. ಎರಡರ ದುಂಡಾಣುಗಳೂ ಒಂದೇ ಕುಲಕ್ಕೆ ಸೇರಿದವು. ಈ ಕಜ್ಜಿಯು ಹೊರನಾಡಿನ ಸಸಿಗಳೊಡನೆ ೧೯೧೦ರ ಸುಮಾರಿಗೆ ಫ್ಲಾರಿಡಾಕ್ಕೆ ಬಂದಿತು. ರೋಗದ ಗಿಡಗಳನ್ನು ಹುಡುಕಿ ಸುಟ್ಟು, ೧೯೩೩ರ ಹೊತ್ತಿಗೆ ರೋಗವು ನಿರ್ಮೂಲವಾಯಿತೆಂದು ಸಾರಿದರು. ೧೯೯೫ರಲ್ಲಿ ಅದು ಮತ್ತೆ ಕಂಡಿತು. ಈ ಸಲ ರೋಗದ ಮರದ ಸುತ್ತ ೧೯೦೦ ಅಡಿಯ ಒಳಗಿನ ಎಲ್ಲ ನಿಂಬೆ ಕಿತ್ತಳೆ ಜಾತಿಯ ಮರಗಳನ್ನು, ಆರೋಗ್ಯವಾಗಿ ಕಂಡರೂ, ಕಡಿಯತಕ್ಕದ್ದೆಂದು ವಿಧಿಸಿದರು. ಹಿತ್ತಲಿನ ಮರ ಕಳೆದುಕೊಂಡ ಜನರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯಗಳಿಂದ ಕೆಲಸವು ನಿಂತು ನಿಂತು ಸಾಗಿತು. ೨೦೦೪ ಮತ್ತು ೨೦೦೫ರ ಬಿರುಗಾಳಿಗಳು ರೋಗವನ್ನು ಎಲ್ಲೆಡೆಗೂ ಎರಚಿದವು. ಒಂದು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಮರಗಳನ್ನು ಕಡಿದ ಮೇಲೆ ೨೦೦೬ರಲ್ಲಿ ಆ ಪ್ರಯತ್ನವನ್ನೇ ಕೈಬಿಡಬೇಕಾಯಿತು.

ಒಂದೇ ರೋಗ, ಒಂದೇ ಸೀಮೆ. ಮೊದಲು ಗೆಲವು, ಕಡೆಗೆ ಸೋಲು. ಇದರಿಂದ ಎರಡು ಮಾತು ತಿಳಿಯುತ್ತವೆ. ಹರಡುವ ಮುಂಚೆ ಹಿಡಿದರೆ ಕೆಲವು ಗಿಡಗಳ ತ್ಯಾಗದಿಂದ ಸೀಮೆಯೇ ಉಳಿಯಬಹುದು. ತಡವಾದರೆ ಎಷ್ಟು ಕಡಿದರೂ ಸಾಲದು. ಎರಡನೆಯದಾಗಿ, ಜನರ ಒಪ್ಪಿಗೆಯಿಲ್ಲದ ಅಧಿಕಾರವು ಕುಂಟುತ್ತದೆ. ರೋಗ ಬಿದ್ದ ಗಿಡದ ನಷ್ಟವನ್ನು ರೋಗವೇ ಮಾಡಿರುತ್ತದೆ; ಆಜ್ಞೆಯು ಮಾಡಿದ್ದಲ್ಲ. ಆದರೆ ನೆರೆಯವರ ಕ್ಷೇಮಕ್ಕಾಗಿ ಆರೋಗ್ಯವಂತ ಗಿಡವನ್ನು ಕಡಿಯಬೇಕಾದಾಗ ಆ ನಷ್ಟವನ್ನು ಒಬ್ಬನ ತಲೆಯ ಮೇಲೆಯೇ ಹೊರಿಸುವುದು ಧರ್ಮವಲ್ಲ. ಯಾರ ಹಿತಕ್ಕಾಗಿ ಕಡಿದರೋ ಅವರೆಲ್ಲರೂ ಅದರಲ್ಲಿ ಪಾಲುಗೊಳ್ಳುವುದು ನ್ಯಾಯವು. ಪರಿಹಾರದ ಭರವಸೆಯಿದ್ದಲ್ಲಿ ರೈತನು ರೋಗವನ್ನು ತಾನಾಗಿ ತೋರಿಸುತ್ತಾನೆ. ಕೇವಲ ದಂಡದ ಭಯವಿದ್ದಲ್ಲಿ ಮುಚ್ಚಿಡುತ್ತಾನೆ. ಮುಚ್ಚಿಟ್ಟ ರೋಗದಷ್ಟು ಕೆಟ್ಟ ರೋಗವು ಬೇರೊಂದಿಲ್ಲ.

ಅಧಿಕಾರಿಯು ಬಂದಾಗ ಅವನ ಗುರುತಿನ ಚೀಟಿಯನ್ನೂ ಆಜ್ಞೆಯನ್ನೂ ಕೇಳಿ ನೋಡುವುದು ಅಗೌರವವಲ್ಲ. ಯಾವ ರೋಗ, ಯಾವ ಪರೀಕ್ಷೆಯಿಂದ ತಿಳಿಯಿತು, ಏನು ಮಾಡಬೇಕು, ಎಷ್ಟು ದಿನದೊಳಗೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹತ್ತು ಎಕರೆಯ ಒಡೆಯನಿಗೂ ಹತ್ತು ಗುಂಟೆಯವನಿಗೂ ಒಂದೇ ಕಟ್ಟು ಇರತಕ್ಕದ್ದು. ಆದರೆ ಒಳ್ಳೆಯ ಮನಸ್ಸಿನಿಂದ ಕರ್ತವ್ಯ ಮಾಡುವ ಅಧಿಕಾರಿಯ ಮೇಲೆ ದಾವೆ ಹೂಡಲಾಗದೆಂದು ೧೯೧೪ರ ಕಾಯಿದೆಯು ಹೇಳಿರುವುದನ್ನೂ ನೆನಪಿಡಬೇಕು.

ಊರು ಮಾಡತಕ್ಕ ಕೆಲಸಗಳು

ಮೂರು ಬಾಗಿಲುಗಳಲ್ಲದೆ ನಾಲ್ಕನೆಯದೊಂದುಂಟು. ಅದು ಪ್ರತಿಯೊಬ್ಬನ ತೋಟದ ಬಾಗಿಲು. ಅದಕ್ಕೆ ಕಾವಲುಗಾರನು ಒಡೆಯನೇ.

೧. ಸಸಿಯನ್ನು ಸಂತೆಯ ಗಾಡಿಯಿಂದ ಕೊಳ್ಳಬೇಡಿರಿ. ರಾಷ್ಟ್ರೀಯ ತೋಟಗಾರಿಕೆ ಮಂಡಳಿಯ ಮಾನ್ಯತೆ ಪಡೆದ ನರ್ಸರಿಯಿಂದ, ಅಥವಾ ವಿಶ್ವವಿದ್ಯಾಲಯ ಮತ್ತು ಇಲಾಖೆಯ ನರ್ಸರಿಯಿಂದ ರಸೀದಿಯೊಡನೆ ಕೊಳ್ಳಿರಿ. ಸಾಧ್ಯವಾದರೆ ಹೋಗಿ ತಾಯಿಗಿಡವನ್ನೇ ನೋಡಿರಿ. ನೆಂಟರ ತೋಟವೆಂಬ ಕಾರಣಕ್ಕೆ ರೋಗದ ಗಿಡದಿಂದ ಗೂಟಿ ಕಟ್ಟಬೇಡಿರಿ.

೨. ಹೊಸ ಸಸಿಗಳನ್ನು ಬಂದ ದಿನವೇ ತೋಟದಲ್ಲಿ ಸೇರಿಸಬೇಡಿರಿ. ಕೆಲವು ವಾರ ಪ್ರತ್ಯೇಕವಾಗಿಟ್ಟು ಎಲೆ, ಗೆಣ್ಣುಗಳನ್ನು ನೋಡಿರಿ. ಇದೇ ಮನೆಯ ಕ್ವಾರಂಟೈನು.

೩. ಚಾಟಣಿಯ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿಸಿರಿ. ಕೂಲಿಯ ತಂಡವು ಬೇರೆ ತೋಟದಿಂದ ಬಂದಿದ್ದರೆ ಮೊದಲು ಅವರ ಹತಾರಗಳನ್ನು ಶುದ್ಧಮಾಡಿಸಿರಿ. ಎಲೆ ಒದ್ದೆಯಿರುವಾಗ ತೋಟದಲ್ಲಿ ಕೆಲಸ ಬೇಡ.

೪. ರೋಗದ ಟೊಂಗೆ, ಎಲೆ, ಹಣ್ಣುಗಳನ್ನು ಬದುವಿಗೆ, ಹಳ್ಳಕ್ಕೆ ಎಸೆಯದೆ ಸುಟ್ಟುಬಿಡಿರಿ. ಕತ್ತರಿಸಿದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿರಿ. ಸಿಂಪಡಿಸಲು ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಮಿಶ್ರಣವು ಶೇಕಡಾ ಒಂದರ ಬೋರ್ಡೋ ದ್ರಾವಣವು. ಮಳೆಗಾಲದ ಮೃಗ ಬಹಾರದಲ್ಲಿ ರೋಗವು ಬಲವಾಗುವುದರಿಂದ, ರೋಗವಿರುವ ಕಡೆ ಮಳೆ ಕಳೆದ ಮೇಲಿನ ಹಸ್ತ ಬಹಾರವನ್ನು ಹಿಡಿಯುವುದು ಕ್ಷೇಮ.

೫. ಸಂಶಯದ ಚುಕ್ಕೆ ಕಂಡ ದಿನವೇ ಎಲೆಯ ಮಾದರಿಯನ್ನು ಚೀಲದಲ್ಲಿ ಕಟ್ಟಿ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ತೋಟಗಾರಿಕೆ ಇಲಾಖೆಗೆ ತಲುಪಿಸಿರಿ. ಸೊಲ್ಲಾಪುರದಲ್ಲಿ ೨೦೦೫ರಲ್ಲಿ ಸ್ಥಾಪಿತವಾದ ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರವು ಇಲ್ಲಿಂದ ಬಹಳ ದೂರವೇನೂ ಇಲ್ಲ.

೬. ಗ್ರಾಮಪ್ರಮುಖರು ಊರಿನ ದಾಳಿಂಬೆ, ದ್ರಾಕ್ಷಿ, ನಿಂಬೆ ತೋಟಗಳ ಪಟ್ಟಿಯನ್ನು ಪಂಚಾಯತಿಯಲ್ಲಿಟ್ಟು, ಯಾರು ಎಲ್ಲಿಂದ ಸಸಿ ತಂದರೆಂಬುದನ್ನು ಬರೆದಿಡಿಸತಕ್ಕದ್ದು. ಪಾಳುಬಿದ್ದ ತೋಟಗಳು ರೋಗದ ತವರುಮನೆಗಳು. ಒಡೆಯನು ಪಟ್ಟಣದಲ್ಲಿದ್ದರೆ ಅವನಿಗೆ ಹೇಳಿಕಳುಹಿಸಿ ಕೀಳಿಸುವುದು ಹಿರಿಯರ ಕೆಲಸವು. ರೋಗವನ್ನು ಮೊದಲು ತಿಳಿಸಿದವನನ್ನು ಊರು ದೂಷಿಸದೆ ಗೌರವಿಸಬೇಕು.

ಮೈಸೂರು ಸಂಸ್ಥಾನದಲ್ಲಿ ೧೯೦೮ರಲ್ಲಿ ಕೆಲಸಕ್ಕೆ ಸೇರಿದ ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದದ್ದು ದಂಡದ ಬಲದಿಂದಲ್ಲ. ಸಿಂಪಡಿಸಿದ ಮರದ ಗೊನೆ ನಿಂತದ್ದನ್ನು ಬೆಳೆಗಾರರು ಕಣ್ಣಾರೆ ಕಂಡು ಒಪ್ಪಿದರು. ಶಾಸನವು ಬೇಲಿಯ ಮುಳ್ಳಿನಂತೆ. ಒಳಗಿನ ಪೈರನ್ನು ಬೆಳೆಯಿಸುವುದು ಬೇಲಿಯಲ್ಲ. ಆದರೂ ಬೇಲಿಯಿಲ್ಲದ ಹೊಲದಲ್ಲಿ ಪೈರು ಉಳಿಯದೆಂಬುದನ್ನು ಒಕ್ಕಲಿಗನಿಗೆ ಹೇಳಿಕೊಡಬೇಕಾಗಿಲ್ಲ. ಮುಂದಿನ ನಾಟಿಯ ಹಂಗಾಮಿಗೆ ಸಸಿ ತರುವ ಮುಂಚೆ ಇಟ್ಟಂಗಿಹಾಳದ ಹಿರಿಯರು ಒಮ್ಮೆ ಕೂಡಿ, ಗುರುತಿಲ್ಲದ ಗಾಡಿಯ ಸಸಿಯನ್ನು ಊರೊಳಗೆ ಇಳಿಸಗೊಡುವುದಿಲ್ಲವೆಂದು ಒಂದೇ ಮಾತನ್ನು ನಿಶ್ಚಯಿಸಿದರೆ, ಯಾವ ಅಧಿಸೂಚನೆಗೂ ಕಾಯದೆ ಈ ಊರಿನ ಬಾಗಿಲು ಭದ್ರವಾಗುವುದು.